ಗುಜರಿ ಗಾಡಿ ಬರುವ ಮೊದಲು

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಆಗಷ್ಟೇ ಎಸೆಸೆಲ್ಸಿ ಮುಗಿಸಿದ್ದ ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಎರಡು ದಿನ ಬೇರೆ ಮಾತೇ ಇರಲಿಲ್ಲ. ಎಲ್ಲರೂ ಅವರ ಫೋಟೋ ಸ್ಟೇಟಸ್ ಹಾಕಿದೆವು. ಅವರ ಒಂದು ಕತೆಯನ್ನಾದರೂ ಓದಿದವರು ಎಷ್ಟು ಜನ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ, ಏಕೆಂದರೆ ನಾನೂ ಓದಿರಲಿಲ್ಲ.

ಜೂನ್‌ನಲ್ಲಿ ಈ ಕಾಲೇಜಿಗೆ ಸೇರಿದ ಮೊದಲ ವಾರವೇ ಲೈಬ್ರರಿಗೆ ಹೋಗಿ ಅವರ ಪುಸ್ತಕ ಕೇಳಿದೆ. "ಇಲ್ಲಮ್ಮ, ಪಟ್ಟಿಯಲ್ಲಿ ಬರೆದುಕೊಂಡಿದ್ದೇನೆ. ದುಡ್ಡು ಬಂದ ಕೂಡಲೇ ತರಿಸೋಣ" ಎಂದರು ಮೇಡಂ. ಪಟ್ಟಿ ತೋರಿಸಿದರು. ನಾಲ್ಕು ಪುಟ ಇತ್ತು. ಅವರ ಬೆನ್ನ ಹಿಂದಿನ ಗಾಜಿನ ಕಪಾಟಿನಲ್ಲಿ ಒಂದೇ ಬಗೆಯ ನಲವತ್ತು ಪ್ರವೇಶ ಪರೀಕ್ಷೆ ಗೈಡುಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಮೇಲೂ ಕೊಟ್ಟವರ ಹೆಸರಿನ ರಬ್ಬರ್ ಸ್ಟ್ಯಾಂಪ್. ಸಿಲಬಸ್ ಬದಲಾಗಿ ವರ್ಷಗಳಾಗಿವೆ. ಆ ಗೈಡುಗಳನ್ನು ಯಾರೂ ತೆಗೆಯುವುದಿಲ್ಲ. ದಾನಿಗಳಿಗೆ ಬೇಸರವಾದೀತು ಎಂದು ಕಪಾಟಿನಿಂದ ಇಳಿಸುವ ಹಾಗೂ ಇಲ್ಲ.

ಕೊಟ್ಟವರನ್ನು ನಾನು ದೂರುತ್ತಿಲ್ಲ. ಅವರು ಗಲ್ಫ್‌ನಲ್ಲಿ ದುಡಿಯುವ ನಮ್ಮ ಹಳೆ ವಿದ್ಯಾರ್ಥಿಗಳು. ಕುಡಿಯುವ ನೀರಿನ ಯಂತ್ರ, ಪ್ರೊಜೆಕ್ಟರ್, ಬಡ ಮಕ್ಕಳ ಫೀಸು ಎಲ್ಲಕ್ಕೂ ಅವರೇ ಕೈ ಹಾಕಿದ್ದಾರೆ. ನನ್ನ ಮಾಮನೂ ಅವರಲ್ಲೊಬ್ಬರು. ಆದರೆ ಲೈಬ್ರರಿಗೆ ಕೊಡುವುದೆಂದರೆ ತಮಗೆ ತೋಚಿದ ಪುಸ್ತಕ ಕಟ್ಟಿ ಕಳಿಸುವುದು ಎಂದು ಅವರೂ ತಿಳಿದಿದ್ದಾರೆ, ನಾವೂ ಒಪ್ಪಿಕೊಂಡಿದ್ದೇವೆ. ಬೇರೆ ದಾರಿ ಇದೆ ಎಂಬುದು ನನಗೆ ಗೊತ್ತಾಗಿದ್ದು ಇಂಗ್ಲಿಷ್ ಅಸೈನ್‌ಮೆಂಟಿಗಾಗಿ ಶಾರ್ಲೆಟ್ ಬ್ರಾಂಟೆಯ ಬಗ್ಗೆ ಓದುವಾಗ.

'ಜೇನ್ ಐರ್' ಬರೆದ ಶಾರ್ಲೆಟ್ ಹದಿನಾಲ್ಕನೇ ವಯಸ್ಸಿನಲ್ಲಿ ಒಂದು ಪತ್ರಿಕೆ ನಡೆಸುತ್ತಿದ್ದಳು. ಹೆಸರು 'ಯಂಗ್ ಮೆನ್ಸ್ ಮ್ಯಾಗಜೀನ್', ವರ್ಷ 1830. ಅಗಲ 35 ಮಿಲಿಮೀಟರ್, ಉದ್ದ 61 ಮಿಲಿಮೀಟರ್, ಅಂದರೆ ಬೆಂಕಿಪೊಟ್ಟಣದಷ್ಟು. ತಮ್ಮ ಬ್ರಾನ್‌ವೆಲ್‌ನ ಆಟದ ಸೈನಿಕರು ಓದಲಿ ಎಂದು ಈ ಮಕ್ಕಳು ಇಷ್ಟು ಚಿಕ್ಕ ಪುಸ್ತಕಗಳನ್ನು ಮಾಡಲು ಶುರುಮಾಡಿದ್ದು. ಮನೆಗೆ ಬಂದ ಸಕ್ಕರೆ ಚೀಲದ ಕಾಗದದಂಥ ಚೂರುಗಳನ್ನೂ ಬಿಡದೆ ಹೊಲಿದು, ಅಚ್ಚಿನ ಅಕ್ಷರದ ಹಾಗೆ ಸಣ್ಣಗೆ ಬರೆಯುತ್ತಿದ್ದರು. 20 ಪುಟದ ಆ ಪತ್ರಿಕೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಪದಗಳಿವೆ. ಆರು ಸಂಚಿಕೆಗಳಲ್ಲಿ ಇಂದು ಸಿಕ್ಕಿರುವುದು ಐದು. ನಾಲ್ಕು ಸಂಚಿಕೆಗಳು ಆ ಕುಟುಂಬ ವಾಸವಿದ್ದ ಯಾರ್ಕ್‌ಷೈರ್‌ನ ಹಾವರ್ತ್ ಊರಿನ ಮನೆಯಲ್ಲೇ ಇದ್ದವು. ಆ ಮನೆ ಈಗ ಮ್ಯೂಸಿಯಂ. ಎರಡನೇ ಸಂಚಿಕೆ ಮಾತ್ರ ಹೊರಗೆ ಉಳಿದಿತ್ತು.

2011ರ ಡಿಸೆಂಬರ್‌ನಲ್ಲಿ ಅದು ಲಂಡನ್ನಿನಲ್ಲಿ ಹರಾಜಿಗೆ ಬಂತು. ಮ್ಯೂಸಿಯಂ ನಡೆಸುವ ಬ್ರಾಂಟೆ ಸೊಸೈಟಿಯೂ ಕೂಗಿತು. ಪ್ಯಾರಿಸ್ಸಿನ ಒಂದು ಖಾಸಗಿ ಮ್ಯೂಸಿಯಂ 6,90,850 ಪೌಂಡಿಗೆ ಕೊಂಡೊಯ್ದಿತು. ಹಾವರ್ತ್‌ನವರು ಬರಿಗೈಯಲ್ಲಿ ಮನೆಗೆ ಬಂದರು.

ಕತೆ ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕೆಲವು ವರ್ಷಗಳಲ್ಲಿ ಆ ಪ್ಯಾರಿಸ್ ಸಂಸ್ಥೆಯ ವ್ಯವಹಾರ ಕುಸಿದುಬಿತ್ತು, ಅದರ ಸಂಗ್ರಹವೆಲ್ಲ ಮಾರಾಟಕ್ಕೆ ಬಂತು. 2019ರ ನವೆಂಬರ್‌ನಲ್ಲಿ ಪುಟ್ಟ ಪತ್ರಿಕೆ ಪ್ಯಾರಿಸ್ಸಿನಲ್ಲೇ ಮತ್ತೆ ಹರಾಜಿನ ಮೇಜು ಹತ್ತಿತು. ಈ ಸಲ ಸೊಸೈಟಿ ಕಾದು ಕೂತಿತ್ತು. ಹಲವು ಟ್ರಸ್ಟುಗಳ ಹಣವನ್ನು ಮೊದಲೇ ಕೇಳಿಟ್ಟಿತ್ತು. ಸೊಸೈಟಿಯ ಗೌರವಾಧ್ಯಕ್ಷೆ ನಟಿ ಜೂಡಿ ಡೆಂಚ್ ಜನರಲ್ಲಿ ಮನವಿ ಮಾಡಿದ್ದರು. ಒಂದು ಸಾವಿರಕ್ಕೂ ಹೆಚ್ಚು ಸಾಮಾನ್ಯ ಜನ ಸೇರಿ 85,000 ಪೌಂಡ್ ಕೂಡಿಸಿಕೊಟ್ಟರು. ಕೂಗು 6 ಲಕ್ಷ ಯೂರೋಗೆ ನಿಂತಿತು, ಪತ್ರಿಕೆ ಹುಟ್ಟಿದ ಮನೆಗೆ ಹೋಯಿತು.

85,000 ಪೌಂಡ್ ಇಡೀ ಬೆಲೆಯ ಒಂದು ಸಣ್ಣ ಪಾಲು, ನಿಜ. ಆದರೆ ಸಾವಿರ ಜನ ಕೊಟ್ಟಿದ್ದಾರೆ ಎಂದು ಹೇಳಿಕೊಂಡು ದೊಡ್ಡ ಟ್ರಸ್ಟಿನ ಬಾಗಿಲು ಬಡಿಯುವುದಕ್ಕೂ ಸುಮ್ಮನೆ ಹೋಗಿ ಕೈ ಚಾಚುವುದಕ್ಕೂ ವ್ಯತ್ಯಾಸವಿದೆ. ನಮ್ಮೂರಿನ ಮಸೀದಿ ಕಟ್ಟಡ ಸಮಿತಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲು ಊರಿನವರ ಚಂದಾ ಪುಸ್ತಕ ತುಂಬಿಸುತ್ತಾರೆ, ಆಮೇಲೆ ಶ್ರೀಮಂತರ ಮನೆಗೆ ಹೋಗುತ್ತಾರೆ.

ಬ್ರಾಂಟೆ ಸೊಸೈಟಿ ಹುಟ್ಟಿದ್ದು 1893ರಲ್ಲಿ. ಅಂದರೆ ಹರಾಜಿನ ಸುದ್ದಿ ಬಂದ ಮೇಲೆ ಗಡಿಬಿಡಿಯಲ್ಲಿ ಕಟ್ಟಿದ ಸಮಿತಿ ಅಲ್ಲ ಅದು. ನನಗೆ ಮುಖ್ಯ ಅನ್ನಿಸಿದ್ದು ಇದೇ. ಹಳೆಯ ಪುಸ್ತಕ, ಹಸ್ತಪ್ರತಿ, ಚಿತ್ರ ಯಾವಾಗ ಮಾರಾಟಕ್ಕೆ ಬರುತ್ತದೆ ಎಂದು ಹೇಳಲಾಗದು. ಯಾರೋ ತೀರಿಕೊಂಡಾಗ, ಯಾರದೋ ವ್ಯಾಪಾರ ಮುಳುಗಿದಾಗ, ಮನೆ ಖಾಲಿ ಮಾಡುವಾಗ ಬರುತ್ತದೆ. ಬಂದಾಗ ಕೆಲವೇ ವಾರಗಳ ಸಮಯ. ಸರ್ಕಾರಿ ಕಡತ ಆ ವೇಗದಲ್ಲಿ ಓಡುವುದಿಲ್ಲ. ನಮ್ಮ ಆಡಳಿತ ಮಂಡಳಿಯ ಸಭೆ ಕೂಡ ಮೂರು ತಿಂಗಳಿಗೊಮ್ಮೆ.

ಈ ಕೆಲಸಕ್ಕಾಗಿಯೇ ಬ್ರಿಟನ್ನಿನಲ್ಲಿ 'ಫ್ರೆಂಡ್ಸ್ ಆಫ್ ದಿ ನ್ಯಾಷನಲ್ ಲೈಬ್ರರೀಸ್' ಎಂಬ ಬಳಗ 1931ರಿಂದ ಇದೆ. ಸದಸ್ಯರು ಕೊಟ್ಟ ಹಣದಿಂದ ಇದು ಲೈಬ್ರರಿಗಳಿಗೆ ಪುಸ್ತಕ, ಹಸ್ತಪ್ರತಿ ಕೊಳ್ಳಲು ನೆರವಾಗುತ್ತದೆ. ಕೊಂಡ ವಸ್ತು ಲೈಬ್ರರಿಯದೇ ಹೊರತು ಬಳಗದ್ದಲ್ಲ. ಏನು ಬೇಕು ಎಂದು ಮೊದಲು ಕೇಳುವವರು ಲೈಬ್ರರಿಯವರು, ಕೊಡಬಹುದೋ ಬೇಡವೋ ಎಂದು ನೋಡುವವರು ಬಳಗದವರು. ಇವರು ಕಟ್ಟಿ ಕಳಿಸಿದ್ದನ್ನು ಅವರು ಕಪಾಟಿನಲ್ಲಿ ಇಟ್ಟುಕೊಳ್ಳುವ ಪದ್ಧತಿ ಅಲ್ಲಿಲ್ಲ.

2021ರಲ್ಲಿ ಈ ಬಳಗಕ್ಕೆ ದೊಡ್ಡ ಪರೀಕ್ಷೆ ಎದುರಾಯಿತು. ಹತ್ತೊಂಬತ್ತನೇ ಶತಮಾನದಲ್ಲಿ ಗಿರಣಿ ಮಾಲೀಕ ಅಣ್ಣತಮ್ಮಂದಿರು ಕೂಡಿಸಿದ್ದ ಹಾನ್ರಸ್‌ಫೀಲ್ಡ್ ಎಂಬ ಸಂಗ್ರಹ ಮಾರಾಟಕ್ಕೆ ಬಂತು. ಸುಮಾರು ಎಂಬತ್ತು ವರ್ಷ ಅದನ್ನು ಹೊರಗಿನವರು ಕಂಡೇ ಇರಲಿಲ್ಲ. ಎಮಿಲಿ ಬ್ರಾಂಟೆ ಕೈಯಾರೆ ಬರೆದಿಟ್ಟ ಕವಿತೆಗಳ ನೋಟ್‌ಬುಕ್, ಅದರ ಮೇಲೆ ಅಕ್ಕ ಶಾರ್ಲೆಟ್ ಪೆನ್ಸಿಲ್‌ನಲ್ಲಿ ಮಾಡಿದ ತಿದ್ದುಪಡಿಗಳು, ರಾಬರ್ಟ್ ಬರ್ನ್ಸ್‌ನ ಟಿಪ್ಪಣಿ ಪುಸ್ತಕ, ವಾಲ್ಟರ್ ಸ್ಕಾಟ್‌ನ 'ರಾಬ್ ರಾಯ್' ಕಾದಂಬರಿಯ ಹಸ್ತಪ್ರತಿ, ಜೇನ್ ಆಸ್ಟಿನ್‌ಳ ಪತ್ರಗಳು, ಎಲ್ಲ ಒಂದೇ ಕಡೆ ಇದ್ದವು. ಜುಲೈನಿಂದ ಕಂತುಗಳಲ್ಲಿ ಹರಾಜು ಎಂದು ಪ್ರಕಟವಾಗಿತ್ತು. ಹರಾಜಾಗಿದ್ದರೆ ಒಂದೊಂದು ಒಂದೊಂದು ದೇಶದ ಶ್ರೀಮಂತರ ಕಬ್ಬಿಣದ ಪೆಟ್ಟಿಗೆ ಸೇರುತ್ತಿತ್ತು. ಬಳಗವು ಬ್ರಿಟಿಷ್ ಲೈಬ್ರರಿ, ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ, ಬ್ರಾಂಟೆ ಮ್ಯೂಸಿಯಂ ಮೊದಲಾದ ಎಂಟು ಸಂಸ್ಥೆಗಳನ್ನು ಒಟ್ಟುಗೂಡಿಸಿ, ಹರಾಜು ಮುಂದಕ್ಕೆ ಹಾಕಿಸಿತು. ವರ್ಷ ಮುಗಿಯುವುದರೊಳಗೆ ಬೇಕಿದ್ದ ಒಂದೂವರೆ ಕೋಟಿ ಪೌಂಡಿಗೂ ಮಿಕ್ಕ ಹಣ ಕೂಡಿತು. ಆ ಸಂಸ್ಥೆಗಳು ಹರಾಜಿನಲ್ಲಿ ಒಬ್ಬರ ಮೇಲೊಬ್ಬರು ಕೂಗಿ ಬೆಲೆ ಏರಿಸಿಕೊಳ್ಳುವ ಬದಲು, ಯಾವುದು ಎಲ್ಲಿಗೆ ಸೇರಬೇಕೆಂದು ಕೂತು ಹಂಚಿಕೊಂಡವು. ಸ್ಕಾಟ್‌ನ ಬರಹ ಸ್ಕಾಟ್ಲೆಂಡಿಗೆ, ಬ್ರಾಂಟೆಯದು ಯಾರ್ಕ್‌ಷೈರಿಗೆ, ಹೀಗೆ.

ಇದರಲ್ಲಿ ನನಗೆ ಪೂರ್ತಿ ಸರಿಬೀಳದ ಸಂಗತಿಯೂ ಇದೆ. ಅರ್ಧ ಹಣ ಕೊಟ್ಟವರು ಲಿಯೊನಾರ್ಡ್ ಬ್ಲಾವಟ್ನಿಕ್ ಎಂಬ ಒಬ್ಬ ಭಾರಿ ಶ್ರೀಮಂತರು. ಸಂಗ್ರಹದ ಹೆಸರೇ ಈಗ ಬ್ಲಾವಟ್ನಿಕ್ ಹಾನ್ರಸ್‌ಫೀಲ್ಡ್ ಲೈಬ್ರರಿ ಎಂದಾಗಿದೆ. ಉಳಿದರ್ಧ ಕೊಟ್ಟವರ ಹೆಸರು ಆ ಶೀರ್ಷಿಕೆಯಲ್ಲಿ ಇಲ್ಲ. ಹೆಸರಿನ ಆಸೆ ನಮ್ಮೂರಿನ ನೀರಿನ ಯಂತ್ರದ ಮೇಲೆ ಮಾತ್ರ ಅಂದುಕೊಂಡಿದ್ದೆ! ಆದರೂ ಒಂದು ಮಾತು ಒಪ್ಪಬೇಕು. ಹೆಸರು ಅವರದಾದರೂ ಏನನ್ನು ಕೊಳ್ಳಬೇಕು, ಎಲ್ಲಿ ಇಡಬೇಕು ಎಂಬುದು ಲೈಬ್ರರಿಗಳ ಕೈಯಲ್ಲೇ ಉಳಿಯಿತು. ಹೆಸರು ಬೇಕೆನ್ನುವವರಿಗೆ ಹೆಸರು ಕೊಡೋಣ, ಆಯ್ಕೆ ಮಾತ್ರ ಬೇಡ ಎನ್ನುವುದು ನನ್ನ ಅಭಿಪ್ರಾಯ.

ಚಿತ್ರಗಳಿಗಾಗಿಯೂ ಅಲ್ಲಿ ಇಂಥದ್ದೇ ಬಳಗವಿದೆ. 1903ರಲ್ಲಿ ಹುಟ್ಟಿದ ಆರ್ಟ್ ಫಂಡ್ 2007ರಲ್ಲಿ ಟರ್ನರ್‌ನ 'ಬ್ಲೂ ರಿಗಿ' ಎಂಬ ಜಲವರ್ಣ ಚಿತ್ರಕ್ಕಾಗಿ, ಐದು ಪೌಂಡ್ ಕೊಟ್ಟು ಕುಂಚದ ಒಂದು ಗೆರೆ ಕೊಳ್ಳಿರಿ ಎಂದು ಜನರನ್ನು ಕೇಳಿತು. ಐದು ಲಕ್ಷ ಪೌಂಡಿಗೂ ಹೆಚ್ಚು ಬಂತು, ಚಿತ್ರ ಟೇಟ್ ಗ್ಯಾಲರಿಯಲ್ಲಿ ಉಳಿಯಿತು. ಗೆರೆ ಕೊಂಡ ಮಕ್ಕಳು ಗ್ಯಾಲರಿಗೆ ಹೋಗಿ "ಈ ಗೆರೆ ನಂದು" ಎಂದು ಜಗಳಾಡಿರಬಹುದೇ ಎಂದು ನನಗೊಂದು ಕುತೂಹಲ.

ಇಷ್ಟೆಲ್ಲ ಓದುವಾಗ ಒಂದು ಪದ ಮಾತ್ರ ನನ್ನನ್ನು ಮತ್ತೆ ಮತ್ತೆ ಚುಚ್ಚಿತು. ಪ್ರತಿ ಮನವಿಯಲ್ಲೂ "ದೇಶಕ್ಕಾಗಿ ಉಳಿಸೋಣ" ಎಂದಿರುತ್ತದೆ. ಯಾವ ದೇಶಕ್ಕೆ? 1933ರಲ್ಲಿ ಬ್ರಿಟಿಷ್ ಮ್ಯೂಸಿಯಂ ನಾಲ್ಕನೇ ಶತಮಾನದ ಬೈಬಲ್ ಹಸ್ತಪ್ರತಿಯೊಂದನ್ನು ಸೋವಿಯತ್ ಸರ್ಕಾರದಿಂದ ಒಂದು ಲಕ್ಷ ಪೌಂಡಿಗೆ ಕೊಂಡಿತು. ಅರ್ಧಕ್ಕಿಂತ ಹೆಚ್ಚು ಹಣ ಸಾರ್ವಜನಿಕರ ಚಂದಾ. ಜನರ ಉತ್ಸಾಹ ನಿಜವಾದದ್ದೇ. ಆದರೆ ಆ ಹಸ್ತಪ್ರತಿ ಈಜಿಪ್ಟಿನ ಸಿನಾಯ್ ಬೆಟ್ಟದ ಕ್ರೈಸ್ತ ಮಠದ್ದು. 1859ರಲ್ಲಿ ಜರ್ಮನ್ ವಿದ್ವಾಂಸ ಟಿಶೆಂಡಾರ್ಫ್ ಹಿಂದಿರುಗಿಸುವೆನೆಂದು ರಸೀದಿ ಬರೆದುಕೊಟ್ಟು ಒಯ್ದದ್ದು. ರಸೀದಿ ಇಂದಿಗೂ ಮಠದಲ್ಲಿದೆ, ಪುಸ್ತಕವಿಲ್ಲ. ಹಣ ಕೊಟ್ಟ ಸಾವಿರಾರು ಜನರಲ್ಲಿ ಎಷ್ಟು ಮಂದಿ ಇದನ್ನು ಕೇಳಿರಬಹುದು?

ನಮಗೂ ಈ ಪ್ರಶ್ನೆ ದೂರದ್ದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪು ಸುಲ್ತಾನರ ಗ್ರಂಥಾಲಯದಲ್ಲಿ ಸುಮಾರು ಎರಡು ಸಾವಿರ ಹಸ್ತಪ್ರತಿಗಳಿದ್ದವು. ಅವು ಈಸ್ಟ್ ಇಂಡಿಯಾ ಕಂಪನಿಯ ಪಾಲಾದವು. ಚಾರ್ಲ್ಸ್ ಸ್ಟೀವರ್ಟ್ ಎಂಬವರು 1809ರಲ್ಲಿ ಅವುಗಳ ವಿವರವಾದ ಪಟ್ಟಿಯನ್ನೂ ಅಚ್ಚು ಹಾಕಿಸಿದರು. ಅವುಗಳಲ್ಲಿ ಹಲವು ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. 2021ರ ನವೆಂಬರ್‌ನಲ್ಲಿ ಟಿಪ್ಪುವಿನ ಸಿಂಹಾಸನದ ಚಿನ್ನದ ಹುಲಿಮುಖವೊಂದು ಬ್ರಿಟನ್ ಬಿಟ್ಟು ಹೋಗದಂತೆ ಅಲ್ಲಿನ ಸರ್ಕಾರ ತಾತ್ಕಾಲಿಕ ತಡೆ ಹಾಕಿತು. ಅಲ್ಲಿನವರೇ ಯಾರಾದರೂ 15 ಲಕ್ಷ ಪೌಂಡ್ ಕೊಟ್ಟು ಕೊಂಡುಕೊಳ್ಳಲಿ ಎಂದು. ಶ್ರೀರಂಗಪಟ್ಟಣದ ಕೋಟೆಯೊಳಗಿನಿಂದ ಒಯ್ದದ್ದನ್ನು ಬ್ರಿಟನ್ನಿಗಾಗಿ ಉಳಿಸುವುದು! ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಾಗಾಗಿ ದಾನಿಗಳ ಬಳಗ ಎಂದ ಕೂಡಲೇ ಒಳ್ಳೆಯದೇ ಎಂದು ನಾನು ಹೇಳಲಾರೆ. ಕೊಳ್ಳುವ ವಸ್ತು ಮಾರುವವರ ಕೈಗೆ ಹೇಗೆ ಬಂತು ಎಂದು ವಿಚಾರಿಸದೆ ಹಣ ಕೊಡುವ ಬಳಗ ಕಳವಿನ ಮಾಲಿಗೆ ರಸೀದಿ ಮಾಡಿಕೊಟ್ಟ ಹಾಗಾಗುತ್ತದೆ.

ನಮ್ಮಲ್ಲಿ ಇಂಥ ಬಳಗಗಳು ಕಡಿಮೆ. ನಮ್ಮಲ್ಲಿ ಇದ್ದದ್ದು ಒಬ್ಬೊಬ್ಬರ ಹುಚ್ಚು. ಪಾಟ್ನಾದ ಖುದಾ ಬಕ್ಷ್ ತಂದೆಯಿಂದ ಬಂದ 1,400 ಹಸ್ತಪ್ರತಿಗಳನ್ನು ನಾಲ್ಕು ಸಾವಿರದವರೆಗೆ ಬೆಳೆಸಿ, 1891ರಲ್ಲಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. 1969ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದು ಕಾಯ್ದೆ ಮಾಡಿತು. ದೊಡ್ಡ ಮಾತೇ. ಆದರೆ ಖುದಾ ಬಕ್ಷ್ ಅಂಥವರು ಪ್ರತಿ ಊರಿನಲ್ಲೂ ಹುಟ್ಟುವುದಿಲ್ಲ. ನಮ್ಮ ರಾಜ್ಯದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ, ಈಗ ಶೇಕಡಾ 6. ಆ ಹಣ ಸಾರ್ವಜನಿಕ ಗ್ರಂಥಾಲಯಗಳಿಗೆ. ನಮ್ಮಂಥ ಕಾಲೇಜಿನ ಲೈಬ್ರರಿಗೆ ಅದರಲ್ಲಿ ಪಾಲಿಲ್ಲ.

ಈಗ ಈ ಲೇಖನ ಬರೆಯಲು ಕಾರಣವಾದ ವಿಷಯಕ್ಕೆ ಬರುತ್ತೇನೆ. ನಮ್ಮ ಕಾಲೇಜಿನಲ್ಲಿ ಬಹಳ ವರ್ಷ ಕನ್ನಡ ಕಲಿಸಿ ನಿವೃತ್ತರಾಗಿದ್ದ ಸರ್ ಎರಡು ತಿಂಗಳ ಹಿಂದೆ ತೀರಿಕೊಂಡರು. ಅವರ ಮನೆಯವರು ಬಾಡಿಗೆ ಮನೆ ಬಿಟ್ಟು ಮಗನ ಜೊತೆ ಬೆಂಗಳೂರಿಗೆ ಹೋಗುವವರಿದ್ದಾರೆ. ಹೋದ ವಾರ ನಾವು ಮೂವರು ಅಲ್ಲಿಗೆ ಹೋಗಿದ್ದೆವು. ಹಾಲ್‌ನಲ್ಲಿ, ಮಂಚದ ಕೆಳಗೆ, ಅಟ್ಟದ ಮೇಲೆ, ಎಲ್ಲೆಲ್ಲೂ ಪುಸ್ತಕ. ಎಣಿಸಲು ಶುರುಮಾಡಿ ಒಂಬೈನೂರಕ್ಕೆ ನಿಲ್ಲಿಸಿದೆವು. 'ಸಾಕ್ಷಿ', 'ರುಜುವಾತು', 'ಸಂಕ್ರಮಣ' ಪತ್ರಿಕೆಗಳ ಹಳೆಯ ಸಂಚಿಕೆಗಳು ಸುತ್ತಲಿ ದಾರದಲ್ಲಿ ಕಟ್ಟಿಟ್ಟಿದ್ದವು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ 1981ರಲ್ಲಿ ಮೊದಲು ಧಾರಾವಾಹಿಯಾಗಿ ಬಂದದ್ದು 'ಲಂಕೇಶ್ ಪತ್ರಿಕೆ'ಯಲ್ಲಿ. ಆ ವರ್ಷದ ಸಂಚಿಕೆಗಳ ಕಟ್ಟು ನನ್ನ ಕೈಗೇ ಸಿಕ್ಕಿತು. ಅದರ ಪಕ್ಕದಲ್ಲಿ ಬಾನು ಮುಷ್ತಾಕ್ ಅವರ ಎರಡು ಕಥಾಸಂಕಲನಗಳು, ಅಂಚಿನಲ್ಲಿ ಸರ್ ಕೈಬರಹದ ಟಿಪ್ಪಣಿಗಳ ಸಮೇತ. ಜೂನ್‌ನಲ್ಲಿ ನಾನು ಕೇಳಿದ್ದ ಪುಸ್ತಕ ಕಾಲೇಜಿನಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿತ್ತು.

ಇನ್ನೊಂದು ಕಟ್ಟಿನಲ್ಲಿ ನಮ್ಮ ಕಾಲೇಜಿನದೇ ವಾರ್ಷಿಕ ಸಂಚಿಕೆಗಳು. ಮೊದಲ ವರ್ಷದಿಂದ ಎಲ್ಲವೂ. ಕಾಲೇಜಿನ ಬಳಿ ಅವು ಇಲ್ಲ, ಹಿಂದೊಮ್ಮೆ ಆಫೀಸು ಸ್ಥಳಾಂತರವಾದಾಗ ಹಳೆ ಕಾಗದದ ಜೊತೆ ತೂಕಕ್ಕೆ ಹೋದವಂತೆ. ಅದರೊಳಗೆ ಮಕ್ಕಳೇ ಬರೆದು ಚಿತ್ರ ಬಿಡಿಸಿದ ಕೈಬರಹದ ಪತ್ರಿಕೆಯೂ ಒಂದಿತ್ತು. ಬೆಂಕಿಪೊಟ್ಟಣದಷ್ಟು ಚಿಕ್ಕದಲ್ಲ, ಡ್ರಾಯಿಂಗ್ ಶೀಟಿನದು. ಬರೆದವರಲ್ಲಿ ನನ್ನ ಉಮ್ಮನ ಹೆಸರೂ ಇತ್ತು. ಹದಿನೇಳನೇ ವಯಸ್ಸಿನಲ್ಲಿ ಉಮ್ಮ ಕತೆ ಬರೆದಿದ್ದರು ಎಂಬುದು ನನಗೆ ಅಂದು ಗೊತ್ತಾಯಿತು. ಮನೆಗೆ ಬಂದು ಕೇಳಿದರೆ "ಅದೆಲ್ಲ ಈಗ ಯಾಕೆ" ಎಂದು ಅಡುಗೆಮನೆಗೆ ಎದ್ದು ಹೋದರು.

ಗುಜರಿಯವನು ಬಂದು ನೋಡಿ ಹೋಗಿದ್ದಾನೆ. ಕಿಲೋಗೆ ಹದಿನಾಲ್ಕು ರೂಪಾಯಿ ಹೇಳಿದ್ದಾನೆ. ಸರ್ ಮನೆಯವರು ನಮಗೆ ಚಹಾ ಕೊಟ್ಟು, "ದುಡ್ಡಿನ ಮಾತು ಬಿಡಿ ಮಕ್ಕಳೇ, ಓದುವವರು ಯಾರಾದರೂ ಒಯ್ದರೆ ಸಾಕು. ಆದರೆ ತಿಂಗಳ ಕೊನೆಗೆ ಬೀಗದ ಕೈ ಕೊಡಬೇಕು" ಎಂದರು. ಕಾಲೇಜಿಗೆ ಅರ್ಜಿ ಕೊಟ್ಟಿದ್ದೇವೆ. ಮುಂದಿನ ಸಭೆಯಲ್ಲಿ ಇಡುತ್ತೇವೆ ಎಂದಿದ್ದಾರೆ. ಮುಂದಿನ ಸಭೆ ಬರುವ ತಿಂಗಳು.

ಹಾವರ್ತ್‌ನವರಿಗೆ ಬೇಕಿದ್ದ ಲಕ್ಷಗಟ್ಟಲೆ ಯೂರೋ ನಮಗೆ ಬೇಡ. ಲೆಕ್ಕ ಹಾಕಿದ್ದೇವೆ. ನಾಲ್ಕು ಕಬ್ಬಿಣದ ರ್ಯಾಕು, ಒಂದು ಟೆಂಪೋ ಬಾಡಿಗೆ, ಹರಿದವಕ್ಕೆ ಬೈಂಡಿಂಗ್. ಜೊತೆಗೆ ಸರ್ ಮನೆಯವರು ಬೇಡವೆಂದರೂ ಗುಜರಿಯವನು ಹೇಳಿದ್ದಕ್ಕಿಂತ ಕಡಿಮೆಯಲ್ಲದ ಒಂದು ಮೊತ್ತ, ಏಕೆಂದರೆ ಅವರಿಗೂ ಸಾಗಾಟದ ಖರ್ಚಿದೆ. ಎಲ್ಲ ಸೇರಿ ಮೂವತ್ತು ಸಾವಿರದೊಳಗೆ. ನಮ್ಮಲ್ಲಿ ಸುಮಾರು ಆರುನೂರು ವಿದ್ಯಾರ್ಥಿಗಳು. ಅರ್ಧದಷ್ಟು ಮಂದಿ ತಿಂಗಳಿಗೆ ಹತ್ತು ರೂಪಾಯಿ ಹಾಕಿದರೆ ಹತ್ತು ತಿಂಗಳಲ್ಲಿ ಅಷ್ಟಾಗುತ್ತದೆ. ಆದರೆ ನಮಗಿರುವುದು ಹತ್ತು ತಿಂಗಳಲ್ಲ, ಹದಿನೆಂಟು ದಿನ. ಆದ್ದರಿಂದ ಈ ಸಲ ಹಳೆ ವಿದ್ಯಾರ್ಥಿಗಳು ಮುಂಗಡ ಕೊಡಲಿ, ನಾವು ವರ್ಷಪೂರ್ತಿ ಹತ್ತು ಹತ್ತು ಕೂಡಿಸಿ ಲೈಬ್ರರಿಯ ಗೆಳೆಯರ ಬಳಗಕ್ಕೆ ಒಂದು ಖಾಯಂ ನಿಧಿ ಮಾಡೋಣ. ಮುಂದಿನ ಸಲ ಯಾರದೋ ಮನೆ ಖಾಲಿಯಾಗುವಾಗ ಹಣ ಕೈಯಲ್ಲಿರಲಿ.

ಉಪನ್ಯಾಸಕರೊಬ್ಬರು ನನ್ನ ಮಾತು ಕೇಳಿ, ಪರೀಕ್ಷೆಗೆ ಬೇಕಾದ ಪುಸ್ತಕಕ್ಕೇ ದುಡ್ಡಿಲ್ಲದಾಗ ಹಳೆ ಪತ್ರಿಕೆ ಯಾಕಮ್ಮ ಎಂದರು. ಸರ್, ಗೈಡುಗಳು ಮುಂದಿನ ವರ್ಷವೂ ಅಂಗಡಿಯಲ್ಲಿ ಸಿಗುತ್ತವೆ. 1981ರ ಆ ಕಟ್ಟು ಮತ್ತೆ ಸಿಗುವುದಿಲ್ಲ. ಹತ್ತು ರೂಪಾಯಿಯೂ ಕಷ್ಟವಿರುವ ಸಹಪಾಠಿಗಳಿದ್ದಾರೆ ಎಂಬ ಇನ್ನೊಂದು ಆಕ್ಷೇಪ ಸರಿಯಾದದ್ದು. ಅದಕ್ಕೇ ಫೀಸಿನ ಜೊತೆ ಕಡ್ಡಾಯ ಮಾಡುವುದು ಬೇಡ, ಯಾರು ಕೊಟ್ಟರು ಯಾರು ಬಿಟ್ಟರು ಎಂಬ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚುವುದೂ ಬೇಡ. ಬಾಗಿಲ ಬಳಿ ಒಂದು ಡಬ್ಬಿ ಸಾಕು. ಪುಸ್ತಕ ಆರಿಸುವುದು ಲೈಬ್ರರಿಯನ್ ಮೇಡಂ, ಇಬ್ಬರು ಉಪನ್ಯಾಸಕರು, ಇಬ್ಬರು ವಿದ್ಯಾರ್ಥಿಗಳು. ವಕ್ಫ್ ಮಾಡಿದ ಗ್ರಂಥಗಳ ಮೊದಲ ಪುಟದಲ್ಲಿ, ಇದನ್ನು ಮಾರುವಂತಿಲ್ಲ, ವಾರಸುದಾರರು ಕೇಳುವಂತಿಲ್ಲ ಎಂದು ಬರೆದಿಡುವ ರೂಢಿ ಹಿಂದಿನಿಂದ ಇದೆ. ನಾವೂ ಒಂದು ಸಾಲು ಬರೆದಿಡೋಣ, ಮುಂದೊಮ್ಮೆ ಆಫೀಸು ಮತ್ತೆ ಸ್ಥಳಾಂತರವಾದರೂ ತೂಕಕ್ಕೆ ಹೋಗದಂತೆ.

ಈ ಶನಿವಾರ ಳುಹರ್ ನಮಾಝಿನ ಬಳಿಕ ಲೈಬ್ರರಿಯಲ್ಲಿ ಸೇರುತ್ತಿದ್ದೇವೆ. ಮಾಮ ಜುಬೈಲಿನಿಂದ ಫೋನಿನಲ್ಲಿ ಮಾತಾಡುವೆ ಎಂದಿದ್ದಾರೆ. ಭಾನುವಾರ ಬೆಳಿಗ್ಗೆ ಪುಸ್ತಕ ಕಟ್ಟಲು ಕನಿಷ್ಠ ಹತ್ತು ಮಂದಿ ಬೇಕು. ಬರುವವರು ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ, ಅಟ್ಟದ ಮೇಲೆ ಧೂಳು ವಿಪರೀತ.